ಅವನು ಮಾರಿದ್ದು ಬರೀ ಕುದುರೆಯಲ್ಲ

ಪ್ರೀತಿಯ ಶಂಕ್ರ,

ನಿನ್ನ ಲೇಖನ ಓದಿದೆ. ಕುದುರೆ ವ್ಯಾಪಾರಿಯೊಬ್ಬ ಜನರಲ್ ಆದ ಕತೆ ಅಂತ ಶುರು ಮಾಡಿದ್ದೀಯ. ನೇಥನ್ ಬೆಡ್‌ಫರ್ಡ್ ಫಾರೆಸ್ಟ್, ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸೋಕೆ ಹೊರಟ ದಕ್ಷಿಣದವರ ಕಡೆಯ ಜನರಲ್. ಮಗಳ ಮನೆ ಇರೋದು ಮೆಂಫಿಸ್‌ನಲ್ಲೇ ಅಲ್ವಾ, ಭಾನುವಾರ ಅವನ ಅಂಗಡಿ ಇದ್ದ ಆಡಮ್ಸ್ ಬೀದಿಗೆ ಹೋಗಿಬಂದೆ. ಈಗ ಅಲ್ಲಿ ಚರ್ಚಿನ ಪಾರ್ಕಿಂಗ್.

ಫಿರಂಗಿ ಪ್ರಸಂಗ ಚೆನ್ನಾಗಿ ಬರೆದಿದ್ದೀಯ ಕಣೋ. 1863ರ ಮೇ ತಿಂಗಳು, ಎದುರಿಗೆ ಉತ್ತರದ ಸೇನೆಯ ಕರ್ನಲ್ ಸ್ಟ್ರೈಟ್‌ನ ಸುಮಾರು 1,500 ಜನ, ಇವನ ಹತ್ತಿರ ಅದರ ಅರ್ಧವೂ ಇಲ್ಲ. ಇದ್ದ ಒಂದೆರಡು ಫಿರಂಗಿಯನ್ನೇ ಗುಡ್ಡ ಸುತ್ತಿಸಿ ಸುತ್ತಿಸಿ ತೋರಿಸಿ ಅಷ್ಟೂ ಜನರನ್ನ ಶರಣು ಮಾಡಿಸಿದ. ನಮ್ಮ ದನದ ಜಾತ್ರೆಯ ದಲ್ಲಾಳಿಗಳು ಅವನ ಕಾಲು ಹಿಡೀಬೇಕು!

ಮಿಸಿಸಿಪ್ಪಿಯ ಹರ್ನಾಂಡೋ ಊರಲ್ಲಿ ಚಿಕ್ಕಪ್ಪನ ಜೊತೆ ಕುದುರೆ, ದನ ಮಾರುತ್ತಿದ್ದದ್ದೂ ನಿಜ. ಆದರೆ ದುಡ್ಡು ಬಂದದ್ದು ಅದರಿಂದಲ್ಲ ಮಾರಾಯ. 1850ರ ದಶಕದಲ್ಲಿ ಈ ಪಾರ್ಕಿಂಗ್ ಜಾಗದಲ್ಲಿ ಅವನು ಮಾರುತ್ತಿದ್ದದ್ದು ಮನುಷ್ಯರನ್ನ. ಹೊಲದ ಆಳು ಬೇಕಾ, ಮನೆಯಾಳು ಬೇಕಾ, ಸದಾ ದಾಸ್ತಾನಿದೆ ಅಂತ ಜಾಹೀರಾತು ಬೇರೆ. 1861ರಲ್ಲಿ ಮಾಮೂಲಿ ಸಿಪಾಯಿಯಾಗಿ ಸೇರಿದವನು ಕೆಲವೇ ತಿಂಗಳಲ್ಲಿ ಸ್ವಂತ ಖರ್ಚಿನಲ್ಲಿ ಕುದುರೆ, ಪಿಸ್ತೂಲು ಕೊಂಡು ಅಶ್ವದಳ ಕಟ್ಟಿದ ಅಂತ ಮೆಚ್ಚಿ ಬರೆದಿದ್ದೀಯಲ್ಲ, ಆ ಖರ್ಚಿನ ಹಣ ಇದೇ.

ಬೀದಿಯಲ್ಲಿ 1955ರಲ್ಲಿ ನೆಟ್ಟ ಫಲಕದಲ್ಲೂ ನಿನ್ನದೇ ತಪ್ಪು. ವ್ಯವಹಾರದಿಂದ ಶ್ರೀಮಂತನಾದ ಅಂತಷ್ಟೇ ಬರೆದಿದ್ದರು. ಯಾವ ವ್ಯವಹಾರ? ಅದನ್ನು ಹೇಳೋ ಫಲಕ ಬಂದದ್ದು 2018ರಲ್ಲಿ, ಚರ್ಚಿನವರೂ ರೋಡ್ಸ್ ಕಾಲೇಜಿನ ವಿದ್ಯಾರ್ಥಿಗಳೂ ಸೇರಿ ಹಳೇ ದಾಖಲೆ ಕೆದಕಿದ ಮೇಲೆ. ಅದರ ಮುಂದೆ ನಿಂತು ಓದ್ತಾ ಇದ್ದರೆ ಹಿಂದಿನಿಂದ ಕಾರೊಂದು ಹಾರ್ನ್ ಹೊಡೀತು. ಅವರ ಜಾಗಕ್ಕೆ ನಾನು ಅಡ್ಡ ನಿಂತಿದ್ದೆ.

ಇನ್ನೊಂದು, 1864ರ ಏಪ್ರಿಲ್ 12ರ ಫೋರ್ಟ್ ಪಿಲ್ಲೋ ಕೋಟೆಯ ಹತ್ಯಾಕಾಂಡ ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ. ಕೋಟೆಯಲ್ಲಿದ್ದ ಉತ್ತರದ ಸೇನೆಯ ಸುಮಾರು 600 ಜನರಲ್ಲಿ ಅರ್ಧದಷ್ಟು ಕರಿಯ ಸೈನಿಕರು. ಕೈ ಎತ್ತಿದವರನ್ನೂ ಇವನ ಸವಾರರು ಕೊಂದರು. ಇನ್ನೂರು ಗಜದವರೆಗೆ ನದಿ ರಕ್ತವಾಗಿತ್ತು ಅಂತ ಅವನೇ ವರದಿಯಲ್ಲಿ ಬರೆದುಕೊಂಡಿದ್ದಾನೆ. ಯುದ್ಧ ಮುಗಿದ ಮೇಲೆ, ಕರಿಯರನ್ನ ಹೆದರಿಸಿ ಹೊಡೆಯುತ್ತಿದ್ದ ಬಿಳಿಯರ ಗುಪ್ತ ಗುಂಪು ಕು ಕ್ಲಕ್ಸ್ ಕ್ಲಾನ್‌ನ ಮೊದಲ ಮುಖ್ಯಸ್ಥ. 2017ರ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಅವನ ಪ್ರತಿಮೆಯನ್ನ ಈ ಊರಿಂದ ಎತ್ತಿಸಿದರು.

ಫಿರಂಗಿ ಕತೆ ಹಾಗೇ ಇರಲಿ, ಅದು ನಡೆದದ್ದೇ. ಅಚ್ಚಿಗೆ ಹೋಗೋ ಮುಂಚೆ ಮೊದಲ ಸಾಲು ಮಾತ್ರ ತಿದ್ದು.

ನಿನ್ನ
ರಾಮು