‘ಸೆಟ್‌ಗೆ ಹಾಕಿದ್ರೆ ಆಯ್ತು’ ಅನ್ನುವವರಿಗೆ ಒಂದು ಮಾತು

ಮಾನ್ಯ ಸಂಪಾದಕರೇ,

ಯಾವುದೋ ಪಟ್ಟಿಯಲ್ಲಿ ಒಬ್ಬರ ಹೆಸರೇ ಎರಡು ಸಲ ಇದೆ ಅಂತ ಪೇಪರಿನಲ್ಲಿ ಬಂದಾಗಲೆಲ್ಲ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಯಾರಾದರೊಬ್ಬರು ನಗುತ್ತಾರೆ. "ಸೆಟ್‌ಗೆ ಹಾಕಿದ್ರೆ ಆಯ್ತಪ್ಪ, ಒಂದು ಸಾಲಿನ ಕೋಡು." ನಾನೂ ನಕ್ಕವನೇ. ಹೋದ ವರ್ಷ ನಮ್ಮೂರ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ಸಮಾರಂಭಕ್ಕೆ ಹೆಸರಿನ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂತು ನೋಡಿ, ಆಮೇಲೆ ನಗೋದು ಬಿಟ್ಟೆ. ಅದಕ್ಕೇ ಈ ಪತ್ರ.

ಸೆಟ್ ಅಂದರೆ ಬೇರೇನಲ್ಲ, ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಗೊತ್ತಿರುವ ‘ಗಣ’. ಅದರಲ್ಲಿ ಒಂದು ವಸ್ತು ಇದೆಯೋ ಇಲ್ಲವೋ ಅನ್ನೋದಷ್ಟೇ ಮುಖ್ಯ, ಎಷ್ಟು ಸಲ ಇದೆ ಅನ್ನೋದು ಲೆಕ್ಕಕ್ಕಿಲ್ಲ. 1, 1, 2 ಅಂತ ಬರೆದರೂ 1, 2 ಅಂತ ಬರೆದರೂ ಒಂದೇ ಗಣ. ಪ್ರೋಗ್ರಾಮಿಂಗ್ ಭಾಷೆಗಳು ಇದನ್ನೇ ಎತ್ತಿಕೊಂಡವು. ಜಾವಾ ಅನ್ನುವ ಭಾಷೆಯಲ್ಲಿ ಹ್ಯಾಶ್‌ಸೆಟ್ ಅಂತ ಒಂದು ಸೆಟ್ ಇದೆ, ಅದಕ್ಕೆ ಆಗಲೇ ಇರುವ ಹೆಸರನ್ನು ಮತ್ತೆ ಸೇರಿಸಲು ಹೋದರೆ ಅದು ಬೈಯುವುದಿಲ್ಲ, ಎರರ್ ಕೊಡುವುದಿಲ್ಲ, ‘ಫಾಲ್ಸ್’, ಅಂದರೆ ‘ಸೇರಿಸಲಿಲ್ಲ’, ಅಂತ ಒಂದು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಮೊದಲು ಬಂದದ್ದು ಉಳಿಯುತ್ತದೆ, ಆಮೇಲೆ ಬಂದದ್ದು ಬಾಗಿಲಿನಿಂದಲೇ ವಾಪಸ್. ಆ ಉತ್ತರವನ್ನು ನಮ್ಮಲ್ಲಿ ಹೆಚ್ಚಿನವರು ನೋಡುವುದೂ ಇಲ್ಲ. ಪೈಥಾನ್ ಅನ್ನುವ ಭಾಷೆ ಇನ್ನೂ ಮೌನಿ, ಆ ‘ಫಾಲ್ಸ್’ ಕೂಡ ಹೇಳುವುದಿಲ್ಲ. 2017ರಲ್ಲಿ ಜಾವಾ 9ರ ಜೊತೆ ಬಂದ ‘ಸೆಟ್ ಡಾಟ್ ಆಫ್’ ಮಾತ್ರ ಸ್ವಲ್ಪ ಸಿಡುಕಿನದು, ಒಂದೇ ವಸ್ತುವನ್ನು ಎರಡು ಸಲ ಕೊಟ್ಟರೆ ಎಕ್ಸೆಪ್ಷನ್ ಎಸೆಯುತ್ತದೆ, ಅಂದರೆ ಎರರ್ ಕೊಟ್ಟು ಕೆಲಸ ನಿಲ್ಲಿಸುತ್ತದೆ. ನನಗೆ ಈಗ ಅದೇ ಇಷ್ಟ.

ಪಟ್ಟಿಯ ಕಥೆಗೆ ಬರ್ತೀನಿ. ಮೂವರು ಗೆಳೆಯರು ಮೂರು ಪಟ್ಟಿ ಕಳಿಸಿದರು. ಒಂದು ಮೊಬೈಲಿನಲ್ಲಿ ಟೈಪ್ ಮಾಡಿದ್ದು, ಒಂದು ಎಕ್ಸೆಲ್, ಇನ್ನೊಂದು ಹಳೇ ಫಾಂಟಿನಿಂದ ಯೂನಿಕೋಡಿಗೆ, ಅಂದರೆ ಪ್ರತಿ ಅಕ್ಷರ, ಗುರುತಿಗೂ ಒಂದು ಸಂಕೇತ ಕೊಡುವ ಪದ್ಧತಿಗೆ, ತಿರುಗಿಸಿದ್ದು. ಮೂರನ್ನೂ ಪೈಥಾನಿನ ಸೆಟ್‌ಗೆ ಸುರಿದೆ. ಆದರೂ ಕೊಟ್ರೇಶ ಎರಡು ಸಲ ಬಂದ. ಪರದೆಯ ಮೇಲೆ ಎರಡೂ ಹೆಸರು ಒಂದೇ ಥರ, ಕಣ್ಣಿಗೆ ಒಂದು ಚುಕ್ಕಿಯ ವ್ಯತ್ಯಾಸವೂ ಇಲ್ಲ. ಬಿಡಿಬಿಡಿಯಾಗಿ ಸಂಕೇತಗಳನ್ನು ನೋಡಿದಾಗ ಗುಟ್ಟು ಗೊತ್ತಾಯಿತು. ಯೂನಿಕೋಡಿನಲ್ಲಿ ‘ಕೊ’ದ ಒತ್ವಕ್ಕೆ ತನ್ನದೇ ಒಂದು ಸಂಕೇತ ಇದೆ. ಎತ್ವದ ಗುರುತು, ಊತ್ವದ ಗುರುತು ಎರಡನ್ನೂ ಒಂದರ ಹಿಂದೆ ಒಂದು ಇಟ್ಟರೂ ಅದೇ ‘ಕೊ’ ಮೂಡುತ್ತದೆ. ‘ಕೋ’ ಆದರೆ ಮೂರು ತುಂಡಿನಲ್ಲೂ ಬರೆಯಬಹುದು. ಎರಡೂ ಒಂದೇ ಅಂತ ಯೂನಿಕೋಡ್ ನಿಯಮವೇ ಹೇಳುತ್ತದೆ, ಆದರೆ ಪಾಪ ಸೆಟ್ ನಿಯಮ ಓದುವುದಿಲ್ಲ, ಸಂಕೇತ ಹೋಲಿಸುತ್ತದೆ. ಅದರ ಪಾಲಿಗೆ ಇಬ್ಬರು ಕೊಟ್ರೇಶರು.

ಇದಕ್ಕೆ ಮದ್ದಿದೆ. ಸೆಟ್‌ಗೆ ಹಾಕುವ ಮುಂಚೆ ಎಲ್ಲ ಹೆಸರನ್ನೂ ಒಂದೇ ರೂಪಕ್ಕೆ ತರಬೇಕು, ನಾರ್ಮಲೈಸ್ ಮಾಡೋದು ಅಂತಾರೆ. ಪೈಥಾನಿನಲ್ಲೂ ಜಾವಾದಲ್ಲೂ ಅದಕ್ಕೆ ಸಿದ್ಧ ಸಲಕರಣೆ ಇದೆ. ಮಾಡಿದೆ, ಕೊಟ್ರೇಶ ಒಬ್ಬನಾದ. ಆದರೆ ಮಂಜುನಾಥ ಬಗ್ಗಲಿಲ್ಲ. ಯಾಕೆ ಅಂದರೆ ಒಂದು ಪಟ್ಟಿಯಲ್ಲಿ ‘ಮಂ’ ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಒತ್ತಿದ್ದರು. ತಪ್ಪು ಅಂತ ಹೇಗೆ ಹೇಳಲಿ, ನಾವು ಅನುಸ್ವಾರವನ್ನು ಸೊನ್ನೆ ಅಂತಲೇ ಕರೆಯೋದು ಅಲ್ವಾ! ಇದನ್ನು ಯಾವ ನಾರ್ಮಲೈಸೂ ಸರಿ ಮಾಡಲ್ಲ. ಹೆಸರಿನ ನಡುವೆ ಅಂಕಿ ಸೊನ್ನೆ ಕಂಡರೆ ಅನುಸ್ವಾರ ಮಾಡು ಅಂತ ನಾನೇ ಬರೆಯಬೇಕಾಯಿತು.

ಇಷ್ಟಾದ ಮೇಲೆ ಪಟ್ಟಿ ಶುದ್ಧವಾಯಿತು ಅಂತ ಬೆನ್ನು ತಟ್ಟಿಕೊಂಡೆ. ಸಮಾರಂಭದ ಮಾರನೇ ದಿನ ಫೋನ್ ಬಂತು. "ಏನಯ್ಯಾ, ನಾನೇನು ಆ ಸ್ಕೂಲಿಗೆ ಬಂದಿರಲಿಲ್ವಾ?" ಅವನೂ ಮಂಜುನಾಥ. ನಮ್ಮ ಬ್ಯಾಚಿನಲ್ಲೊಬ್ಬ, ಎರಡು ವರ್ಷ ಹಿಂದಿನ ಬ್ಯಾಚಿನಲ್ಲಿ ಇವನು. ಹೆಸರು ಒಂದೇ, ಆಳು ಬೇರೆ. ಸೆಟ್ ತನ್ನ ಕೆಲಸ ಸರಿಯಾಗೇ ಮಾಡಿತ್ತು, ಎರಡನೆಯವನನ್ನು ಸದ್ದಿಲ್ಲದೆ ಹೊರಗೆ ಬಿಟ್ಟಿತ್ತು. ಹೆಸರು ಎರಡು ಸಲ ಬಂದರೆ ಒಂದು ಕರೆಯೋಲೆ ದಂಡ, ಅಷ್ಟೇ. ಬಿಟ್ಟುಹೋದರೆ ಮನುಷ್ಯನೇ ಹೋದ. ಪೇಪರಿನಲ್ಲಿ ಸುದ್ದಿಯಾಗುವುದು ಮಾತ್ರ ಮೊದಲನೆಯದು, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ.

ಸೆಟ್‌ಗೆ ‘ಒಂದೇ’ ಅಂದರೆ ಏನು ಅಂತ ತಾನಾಗಿ ಗೊತ್ತಿಲ್ಲ, ನಾವು ಹೇಳಬೇಕು. ಜಾವಾದಲ್ಲಿ ನಾವೇ ಮಾಡಿದ ‘ವಿದ್ಯಾರ್ಥಿ’ ಥರದ ಕ್ಲಾಸ್ (ಒಂದು ಬಗೆಯ ವಸ್ತುವಿನ ನಮೂನೆ) ಇದ್ದರೆ ಈಕ್ವಲ್ಸ್, ಹ್ಯಾಶ್‌ಕೋಡ್ ಅಂತ ಎರಡನ್ನು ಬರೆಯಬೇಕು. ಹೊಸದಾಗಿ ಕೋಡ್ ಬರೆಯುವ ಹುಡುಗರು ಮೊದಲನೆಯದನ್ನು ಬರೆದು ಎರಡನೆಯದನ್ನು ಮರೆಯುತ್ತಾರೆ. ನಾನು ಅವರಿಗೆ ಪಿನ್‌ಕೋಡ್ ಉದಾಹರಣೆ ಕೊಡ್ತೀನಿ. 1972ರಿಂದ ನಮ್ಮ ಅಂಚೆಯವರು ಆರು ಅಂಕಿಯ ಪಿನ್‌ಕೋಡ್ ನೋಡಿ ಕಾಗದ ವಿಂಗಡಿಸುತ್ತಾರೆ, ಆಮೇಲೆ ವಿಳಾಸ ನೋಡುತ್ತಾರೆ. ಹ್ಯಾಶ್‌ಕೋಡ್ ಅಂದರೆ ಆ ಪಿನ್‌ಕೋಡ್, ಈಕ್ವಲ್ಸ್ ಅಂದರೆ ಪೂರ್ತಿ ವಿಳಾಸ. ಪಿನ್‌ಕೋಡ್ ಒಂದೇ ಆದರೆ ಮನೆ ಒಂದೇ ಅಂತಲ್ಲ. ಆದರೆ ಒಂದೇ ಮನೆಯ ಎರಡು ಕಾಗದಕ್ಕೆ ಬೇರೆ ಬೇರೆ ಪಿನ್‌ಕೋಡ್ ಬರೆದರೆ ಅವು ಎರಡು ಊರಿನ ಚೀಲಕ್ಕೆ ಬೀಳುತ್ತವೆ, ವಿಳಾಸ ಹೋಲಿಸುವ ಮಾತೇ ಬರುವುದಿಲ್ಲ. ಹ್ಯಾಶ್‌ಕೋಡ್ ಮರೆತಾಗ ಡೂಪ್ಲಿಕೇಟ್ ಉಳಿಯುವುದು ಹೀಗೆ. ಸೇರಿಸಿದ ಮೇಲೆ ಒಳಗಿನ ಹೆಸರನ್ನು ತಿದ್ದಿದರೂ ಅಷ್ಟೇ, ವಸ್ತು ಸೆಟ್ಟಿನೊಳಗೇ ಇರುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ.

ಇನ್ನೊಂದು ತಮಾಷೆ. ಜಾವಾದಲ್ಲಿ ದುಡ್ಡಿನ ಲೆಕ್ಕಕ್ಕೆ ಬಳಸುವ ಬಿಗ್‌ಡೆಸಿಮಲ್‌ನಲ್ಲಿ 2.0 ಮತ್ತು 2.00 ಹಾಕಿ ನೋಡಿ. ಹ್ಯಾಶ್‌ಸೆಟ್ ಎರಡನ್ನೂ ಇಟ್ಟುಕೊಳ್ಳುತ್ತದೆ, ವಸ್ತುಗಳನ್ನು ಕ್ರಮವಾಗಿ ಜೋಡಿಸಿಡುವ ಟ್ರೀಸೆಟ್ ಒಂದನ್ನೇ. ಪೈಥಾನಿನ ಸೆಟ್‌ಗೆ 1, 1.0, ಟ್ರೂ (‘ಫಾಲ್ಸ್’ಗೆ ಎದುರಾದ ‘ಹೌದು’) ಮೂರನ್ನೂ ಕೊಟ್ಟರೆ ಉಳಿಯುವುದು ಒಂದು. ಒಂದೇ ಭಾಷೆಯ ಎರಡು ಸೆಟ್‌ಗಳಿಗೇ ‘ಒಂದೇ’ ಅನ್ನುವುದರಲ್ಲಿ ಒಮ್ಮತ ಇಲ್ಲ, ಇನ್ನು ನಮ್ಮ ಹೆಸರು, ಇನಿಷಿಯಲ್, ‘ಮಂಜುನಾಥ್’, ‘ಮಂಜುನಾಥ’ ಎಲ್ಲಿಗೆ ಬಂತು.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಸಂಘವಾಗಲಿ, ಆಫೀಸಾಗಲಿ, ‘ಡೂಪ್ಲಿಕೇಟ್ ತೆಗೆದಿದ್ದೇವೆ’ ಅಂತ ಹೇಳುವವರು ಯಾವ ಕಾಲಂ ಹಿಡಿದು ತೆಗೆದರು, ಎಷ್ಟು ಸಾಲು ಹೋಯಿತು ಅಂತಲೂ ಹೇಳಲಿ. ಹೋದ ಸಾಲುಗಳನ್ನು ಬೇರೆ ಫೈಲಿನಲ್ಲಿ ಇಟ್ಟಿರಲಿ. ಆ ‘ಫಾಲ್ಸ್’ ಬಂದಾಗಲೆಲ್ಲ ಒಂದು ಸಾಲು ಬರೆದಿಟ್ಟುಕೊಂಡರೆ ಸಾಕು, ದೊಡ್ಡ ಖರ್ಚಿನ ಕೆಲಸವಲ್ಲ. ನಿಮ್ಮ ವರದಿಗಾರರೂ ಇಂಥ ಸುದ್ದಿ ಬರೆಯುವಾಗ ಎರಡು ಸಲ ಬಂದವರ ಜೊತೆಗೆ ಬಿಟ್ಟುಹೋದವರೆಷ್ಟು ಅಂತಲೂ ಕೇಳಲಿ.

ಈ ವರ್ಷದ ಪಟ್ಟಿಯಲ್ಲಿ ನಾನು ಮೊದಲು ಫೋನ್ ನಂಬರನ್ನೇ ಗುರುತಾಗಿ ಇಟ್ಟುಕೊಂಡೆ. ನಮ್ಮ ಕ್ಲಾಸಿನಲ್ಲೇ ಓದಿ ಮದುವೆಯಾದ ಗಂಡ ಹೆಂಡತಿ ಒಂದೇ ನಂಬರ್ ಕೊಟ್ಟಿದ್ದರು, ಹೆಂಡತಿ ಪಟ್ಟಿಯಿಂದ ಮಾಯ! ಆಮೇಲೆ ಎಸ್ಸೆಸ್ಸೆಲ್ಸಿ ವರ್ಷ ಮತ್ತು ರಿಜಿಸ್ಟರ್ ನಂಬರಿಗೆ ಬಂದೆ, ಅರ್ಧ ಜನಕ್ಕೆ ಅದು ನೆನಪೇ ಇಲ್ಲ. ಕೊನೆಗೆ ಸೆಟ್ ಹೊರಗೆ ಹಾಕಿದ ಹೆಸರುಗಳನ್ನೆಲ್ಲ ವಾಟ್ಸಾಪ್ ಗ್ರೂಪಿಗೆ ಹಾಕಿ, "ಇದರಲ್ಲಿ ನೀವಿದ್ದರೆ ಫೋನ್ ಮಾಡಿ" ಅಂದೆ. ಹನ್ನೊಂದು ಜನ ಮಾಡಿದರು. ಅದರಲ್ಲಿ ನಾಲ್ವರು ಮಂಜುನಾಥರು.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಬೆಂಗಳೂರು