20 ಸಲ ಮಂಡಕ್ಕಿ

ಸಂಪಾದಕರಿಗೆ ನಮಸ್ಕಾರ.

ಒಂದನೇ ಕ್ಲಾಸಲ್ಲಿರುವ ನನ್ನ ಮೊಮ್ಮಗಳು ಕಳೆದ ವಾರ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ, ಯಾರೂ ಹೇಳದೆ ತಾನಾಗೇ ‘ಮಡಕಿ’ ಅಂತ ಬರೆದಿದ್ದಳು. ಮಡಕೆ ಅಲ್ಲ, ನಮ್ಮ ದಾವಣಗೆರೆ ಮಂಡಕ್ಕಿ! ಪಕ್ಕದಲ್ಲಿ ಮೆಣಸಿನಕಾಯಿ ಚಿತ್ರ ಬೇರೆ. ಶಾಲೆಯಲ್ಲಿ ಅದಕ್ಕೆ ಕೆಂಪು ಗೀಟು ಎಳೆದು, ‘ಮಂಡಕ್ಕಿ’ ಅಂತ 20 ಸಲ ಬರ್ಕೊಂಡು ಬಾ ಅಂದಿದ್ದಾರೆ. 12ನೇ ಸಲಕ್ಕೆ ಕೈ ನೋವು ಅಂತ ಅಳು ಶುರು.

ನಾನು ಜಗಳೂರು ಕಡೆ ಹಳ್ಳಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡಿ ನಿವೃತ್ತಳಾದವಳು, ಸುಮ್ನೆ ಇರೋಕೆ ಆಗಲಿಲ್ಲ. ಆ ‘ಮಡಕಿ’ಯನ್ನೇ ನೋಡಿ. ಮೂರು ಅಕ್ಷರವೂ ಸರಿ, ಗುಡಿಸೂ ಸರಿ. ಬಿಟ್ಟಿದ್ದು ಒಂದು ಸೊನ್ನೆ, ಒಂದು ಒತ್ತು. ಅವೆರಡೂ ಮಕ್ಕಳ ಕೈಗೆ ತಡವಾಗಿಯೇ ಹತ್ತೋದು. ಬಾಯಲ್ಲಿ ಹೇಳಿಕೊಂಡು, ಕಿವಿಗೆ ಬಿದ್ದಷ್ಟನ್ನು ಬರೆದಿದ್ದಾಳೆ, ಬರವಣಿಗೆ ಅಂದ್ರೆ ಅದೇ ಅಲ್ವಾ? ಜೋರಾಗಿ ಹೇಳು ನೋಡೋಣ ಅಂದಿದ್ದರೆ ಮೂಗಲ್ಲಿ ಬರುವ ‘ಮಣ್’, ಆಮೇಲೆ ‘ಡಕ್’, ‘ಕಿ’ ಎಲ್ಲಾ ಅವಳಿಗೇ ಕೇಳುತ್ತಿತ್ತು. ಎರಡು ನಿಮಿಷದ ಕೆಲಸ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ, ಅಂದ್ರೆ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ಪದ್ಧತಿ, ಆಮೇಲೆ ನಮ್ಮ ಶಾಲೆಗೂ ಬಂತು. ತಲೆ ಮೇಲೆ ಮಕ್ಕಳು ಮಾಡಿದ್ದನ್ನು ತೂಗುಹಾಕೋ ಹಗ್ಗದ ಚಪ್ಪರ, ಗೋಡೆ ಬುಡದಲ್ಲಿ ಮಕ್ಕಳದೇ ಕಪ್ಪು ಹಲಗೆ. ಅಲ್ಲಿ ಅ ಆ ಇ ಈ ಸಾಲು ಹಿಡಿಯುತ್ತಿರಲಿಲ್ಲ. ಬರೆಯೋಕೆ ಸುಲಭವಾದ ರ, ಗ, ಸ ಮೊದಲು. ಆ ಮೂರು ಬಂದರೆ ಸಾಕು, ಮಗು ‘ಸರ’ ಬರೆಯುತ್ತೆ, ‘ಗರಗಸ’ ಬರೆಯುತ್ತೆ, ಬರೆದು ಬೀಗುತ್ತೆ. ಅದನ್ನು ಬಿಟ್ಟು 49 ಅಕ್ಷರ ಮುಗಿಯುವ ತನಕ ಕಾಯಿಸಿ, ನಡುವೆ ‘ಋ’ ಒಂದು ಪುಟ ತಿದ್ದಿಸಿದರೆ, ಆ ಕೂಸು ಅದರಲ್ಲಿ ಏನು ಬರೀಬೇಕು ಹೇಳಿ.

ಇನ್ನು ಕೈ ನೋವು ನೆಪವಲ್ಲ. ಮಣಿಕಟ್ಟಿನ 8 ಪುಟ್ಟ ಮೂಳೆಗಳು ಐದಾರು ವರ್ಷಕ್ಕೆ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಅದಕ್ಕೇ ನಾವು ಮೊದಲು ಮಣ್ಣು ಕಲಸಿಸುತ್ತಿದ್ದೆವು, ಮರಳಲ್ಲಿ ಬೆರಳಾಡಿಸುತ್ತಿದ್ದೆವು, ಬಳಪ ಆಮೇಲೆ. ಈಗ ಎಲ್‌ಕೆಜಿಗೇ ನಾಲ್ಕು ಗೆರೆ ಪುಸ್ತಕ! ಶಿಕ್ಷಕರನ್ನಷ್ಟೇ ಬೈದು ಏನು ಪ್ರಯೋಜನ, ಪುಟ ತುಂಬದಿದ್ದರೆ ಫೀಸು ಕಟ್ಟಿದ್ದು ದಂಡ ಅನ್ನುವ ಅಪ್ಪ ಅಮ್ಮಂದಿರೂ ಜಾಸ್ತಿ. ನನ್ನ ಮಗನೂ ಅವರಲ್ಲೊಬ್ಬ.

ಉಳಿದ 8 ಸಲ ಮಂಡಕ್ಕಿಯನ್ನು ನಾವು ಬರೆಸಲಿಲ್ಲ, ನೋಟ್‌ಬುಕ್ ಹಾಗೇ ಕಳಿಸಿದ್ದೇವೆ. ಮಿಸ್ಸು ಕೇಳಿದರೆ ‘ಅಜ್ಜಿ ಬಂದು ಮಾತಾಡ್ತಾರಂತೆ’ ಅನ್ನು ಅಂದಿದ್ದೇನೆ.

– ನಿವೃತ್ತ ಶಿಕ್ಷಕಿ, ದಾವಣಗೆರೆ