ಹೊತ್ತು ಬರೆದಿಡು

ಚಿ. ಕಾವ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ತರಬೇತಿ ಮುಗಿಸಿ ಠಾಣೆಗೆ ಬಂದಿದ್ದೀಯ, ಸಂತೋಷ. ಆರೋಪಿಯನ್ನು ಪತ್ತೆ ಮಾಡುವುದನ್ನು ನಿನ್ನ ಕ್ರೈಂ ಸಿಬ್ಬಂದಿಯೇ ಕಲಿಸುತ್ತಾರೆ, ಗಲ್ಲಿಗಲ್ಲಿಯೂ ಅವರಿಗೆ ಗೊತ್ತು. ಆದರೆ ಹಿಡಿದು ತಂದ ಕೇಸು ಕೋರ್ಟಿನಲ್ಲಿ ಬಿದ್ದುಹೋಗುವುದು ಎಷ್ಟೋ ಸಲ ಹೊತ್ತಿನ ಲೆಕ್ಕ ತಪ್ಪಿದ್ದರಿಂದ. ಅದಕ್ಕೇ ಈ ಕಾಗದ.

ಕರೆ ಬಂದದ್ದು, ಠಾಣೆ ಬಿಟ್ಟದ್ದು, ಸ್ಥಳ ತಲುಪಿದ್ದು, ಎಫ್‌ಐಆರ್ ದಾಖಲಾದದ್ದು, ಅದು ಮ್ಯಾಜಿಸ್ಟ್ರೇಟರ ಕೈ ಸೇರಿದ್ದು, ಎಲ್ಲದರ ಹೊತ್ತೂ ಒಂದಕ್ಕೊಂದು ಹೊಂದಬೇಕು. ಎಫ್‌ಐಆರ್ 10 ಗಂಟೆಗೇ ಆಯಿತು ಎಂದು ಬರೆದು, 11 ಗಂಟೆಯ ಶವ ಮಹಜರಿನಲ್ಲಿ ಕ್ರೈಂ ನಂಬರಿನ (ಎಫ್‌ಐಆರ್ ದಾಖಲಾದಾಗ ಕೇಸಿಗೆ ಬೀಳುವ ಸಂಖ್ಯೆ) ಜಾಗ ಖಾಲಿ ಬಿಟ್ಟರೆ, ‘ಎಫ್‌ಐಆರ್ ಆಮೇಲೆ ಹುಟ್ಟಿದ್ದು’ ಎಂದು ಆರೋಪಿ ಪರ ವಕೀಲರು ಹಿಡಿದೇ ಹಿಡಿಯುತ್ತಾರೆ. ಕೇಸ್ ಡೈರಿಯನ್ನು ವಾರಕ್ಕೊಮ್ಮೆ ಕೂತು ಬರೆಯಬೇಡ. ತನಿಖೆ ಶುರುಮಾಡಿದ ಹೊತ್ತು, ಮುಗಿಸಿದ ಹೊತ್ತು, ಹೋದ ಜಾಗ ಇವನ್ನು ದಿನದಿನವೂ ಬರೆಯಬೇಕೆಂದು ಕಾನೂನೇ ಹೇಳುತ್ತದೆ.

ಆರೋಪಿ ‘ಬಚ್ಚಿಟ್ಟ ಚಾಕು ತೋರಿಸುತ್ತೇನೆ’ ಅಂದರೆ ತಕ್ಷಣ ಜೀಪು ಹತ್ತಬೇಡ. ಮೊದಲು ಪಂಚರನ್ನು, ಅಂದರೆ ಹೊರಗಿನ ಸಾಕ್ಷಿಗಳನ್ನು, ಕರೆಸು. ಅವರ ಮುಂದೆ ಅವನು ಹೇಳಲಿ, ಅವನ ಮಾತಿನಲ್ಲೇ ಬರೆದುಕೋ, ಆಮೇಲೆ ಹೊರಡು. ದಾರಿಯಲ್ಲಿ ಅವನೇ ಮುಂದೆ ನಡೆಯಲಿ. ಜಾಗ ಪೊಲೀಸರಿಗೆ ಮೊದಲೇ ಗೊತ್ತಿತ್ತು ಎಂದಾದರೆ ಆ ಚಾಕುವಿಗೆ ಬೆಲೆಯಿಲ್ಲ. ಠಾಣೆ ಎದುರಿನ ಟೀ ಅಂಗಡಿಯವನನ್ನೇ ಎಲ್ಲ ಕೇಸಿಗೂ ಪಂಚನನ್ನಾಗಿ ಮಾಡುವ ಚಾಳಿ ನಿನಗೆ ಬೇಡ. 2024ರ ಜುಲೈ 1ರಿಂದ ಶೋಧ, ಜಪ್ತಿಗಳಿಗೆ ವಿಡಿಯೊ ಕಡ್ಡಾಯ. ಮೊಹರು ಹಾಕುವವರೆಗೂ, ಪಂಚರು ಸಹಿ ಮಾಡುವವರೆಗೂ ಕ್ಯಾಮೆರಾ ನಿಲ್ಲಿಸಬೇಡ. ವಿಡಿಯೊದಲ್ಲಿ 4.20 ಇದ್ದು ಮಹಜರಿನಲ್ಲಿ 3.30 ಇದ್ದರೆ ನಿನ್ನ ವಿಡಿಯೊವೇ ನಿನಗೆ ಎದುರು ಸಾಕ್ಷಿ.

ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಗಡಿಯಾರವನ್ನು ನಂಬಲೇಬೇಡ. ಪರದೆಯ ಪಕ್ಕ ನಿನ್ನ ಮೊಬೈಲ್ ಹಿಡಿದು, ಎರಡೂ ಸಮಯ ಒಂದೇ ಚೌಕಟ್ಟಿಗೆ ಬರುವಂತೆ ಫೋಟೊ ತೆಗೆಸು. ಡಿವಿಆರ್ 21:12 ತೋರಿಸುವಾಗ ನಿಜ ಸಮಯ 21:29 ಆಗಿದ್ದರೆ, ‘17 ನಿಮಿಷ ಹಿಂದಿದೆ’ ಎಂದು ಮಹಜರಿನಲ್ಲೇ ಬರೆ. ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯ ಅಳಿಸಿಹೋಗುತ್ತದೆ, ಹಾಗಾಗಿ ನಾಳೆಗೆ ಇಡಬೇಡ. ನಕಲು ತೆಗೆದಾಗಲೇ ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲವೆಂದು ತೋರಿಸುವ ಅದರ ಬೆರಳಚ್ಚಿನಂಥ ಸಂಕೇತ) ಬರೆದುಕೊಂಡು, ವಿದ್ಯುನ್ಮಾನ ಸಾಕ್ಷ್ಯಕ್ಕೆ ಬೇಕಾದ, ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಮಾಡಿಸಿಕೋ. ಅದರಲ್ಲಿ ಎ ಮತ್ತು ಬಿ ಎಂದು ಎರಡು ಭಾಗಗಳಿವೆ. ಬಿ ಭಾಗವನ್ನು ತಜ್ಞರು ತುಂಬಬೇಕು, ಅದನ್ನೇ ಮರೆಯುವವರು ಬಹಳ.

ಸೈಬರ್ ಕೇಸಿನಲ್ಲಿ ಇದಕ್ಕಿಂತ ದೊಡ್ಡ ಗುಂಡಿಯಿದೆ. ಜಾಲತಾಣದ ಕಂಪನಿಗಳು ಕೊಡುವ ಲಾಗಿನ್ ವಿವರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ. ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. 14ನೇ ತಾರೀಖು 19:40 ಎಂದಿದ್ದರೆ ನಮ್ಮಲ್ಲಿ ಅದು 15ನೇ ತಾರೀಖು ಬೆಳಗಿನ ಜಾವ 1:10, ಗಂಟೆಯಷ್ಟೇ ಅಲ್ಲ, ದಿನವೇ ಬದಲು. ಇದನ್ನು ಮರೆತು 14ರ ರಾತ್ರಿ 7:40ಕ್ಕೆ ಲಾಗಿನ್ ಆದ ಐಪಿ (ಇಂಟರ್‌ನೆಟ್ ಸಂಪರ್ಕದ ವಿಳಾಸ ಸಂಖ್ಯೆ) ಯಾರ ಬಳಿ ಇತ್ತು ಎಂದು ಕೇಳಿದರೆ ಬೇರೆ ಯಾರದೋ ಹೆಸರು ಬರುತ್ತದೆ. ಏನೂ ಅರಿಯದವರ ಮನೆ ಬಾಗಿಲನ್ನು ನೀನು ತಟ್ಟುತ್ತೀಯ, ಅಕ್ಕಪಕ್ಕದವರು ಅದನ್ನು ನೋಡಿರುತ್ತಾರೆ. ಆಮೇಲೆ ನೀನು ಏನು ಹೇಳಿದರೂ ಆ ಮನೆಯವರ ಮಾನ ಮರಳುವುದಿಲ್ಲ ಮಗಳೇ. ಪೋರ್ಟ್ ನಂಬರನ್ನೂ ಕೇಳು. ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಒಂದೇ ಕ್ಷಣದಲ್ಲಿ ಎಷ್ಟೋ ಗ್ರಾಹಕರಿಗೆ ಹಂಚಿರುತ್ತವೆ, ಅವರಲ್ಲಿ ಯಾರು ಎಂದು ಬೇರ್ಪಡಿಸುವುದು ಆ ಪೋರ್ಟ್ ನಂಬರೇ.

ಸಿಡಿಆರ್‌ನಲ್ಲಿ (ಮೊಬೈಲ್ ಕರೆಗಳ ವಿವರ ಪಟ್ಟಿ) ಟವರ್ ಬಂತು ಅಂದರೆ ಮನುಷ್ಯ ಆ ಜಾಗದಲ್ಲೇ ಇದ್ದ ಎಂದಲ್ಲ. ಮಲೆನಾಡಿನಲ್ಲಿ ಒಂದು ಟವರಿನ ವ್ಯಾಪ್ತಿ ಕಿಲೋಮೀಟರುಗಟ್ಟಲೆ. ಸೆಕ್ಟರ್, ಅಂದರೆ ಟವರಿನ ಆ ಆಂಟೆನಾ, ಯಾವ ದಿಕ್ಕಿಗಿದೆ ಎಂಬುದನ್ನೂ ನೋಡು.

ರಕ್ತದ ಬಟ್ಟೆಯನ್ನು ನೆರಳಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಕಾಗದದ ಕವರಿನಲ್ಲಿಡು. ಪ್ಲಾಸ್ಟಿಕ್‌ನಲ್ಲಿ ತೇವ ಉಳಿದು ಡಿಎನ್‌ಎ ಹಾಳಾಗುತ್ತದೆ. ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಯಾವ ದಿನ, ಯಾರ ಕೈಲಿ ಹೋಯಿತು, ಅಲ್ಲಿಯವರೆಗೆ ಎಲ್ಲಿತ್ತು ಎಂಬುದು ಕಾಗದದಲ್ಲಿರಲಿ.

ಆರೋಪಪಟ್ಟಿ ಸಲ್ಲಿಸುವ 60 ಅಥವಾ 90 ದಿನದ ಗಡುವನ್ನು ಎಣಿಸುವಾಗ, ಮ್ಯಾಜಿಸ್ಟ್ರೇಟರು ಆರೋಪಿಯನ್ನು ರಿಮಾಂಡ್ ಮಾಡಿದ ದಿನವನ್ನೂ ಸೇರಿಸಿಕೋ, ಸುಪ್ರೀಂ ಕೋರ್ಟ್ 2023ರಲ್ಲೇ ಹಾಗೆಂದಿದೆ. ಒಂದು ದಿನ ತಪ್ಪಿದರೂ ಆರೋಪಿಗೆ ಜಾಮೀನು ಹಕ್ಕಾಗುತ್ತದೆ.

ನಾಳೆ ಬೆಳಿಗ್ಗೆ ಹೋದವಳೇ ಠಾಣೆಯ ಗೋಡೆ ಗಡಿಯಾರ ಸರಿಯಿದೆಯೇ ನೋಡು. ಸ್ಟೇಷನ್ ಹೌಸ್ ಡೈರಿ ಬರೆಯುವವರು ಅದನ್ನೇ ನೋಡಿ ಬರೆಯುತ್ತಾರೆ.

ಇಂತಿ,
ನಿನ್ನ ದೊಡ್ಡಪ್ಪ